ವೀರ್ಯ ಪರೀಕ್ಷೆ: ತುಮಕೂರಲ್ಲೇ ಮಾಡಿಸಬೇಕಾ, ಬೆಂಗಳೂರಿಗೆ ಹೋಗಬೇಕಾ, ಕಿಟ್ ತರಿಸಿದರೆ ಸಾಕಾ?

ಮದುವೆಯಾಗಿ ಎರಡು ಮೂರು ವರ್ಷವಾದರೂ ಮಕ್ಕಳಾಗಿಲ್ಲ ಅಂದರೆ ನಮ್ಮ ಕಡೆ ಮೊದಲು ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಣ್ಣುಮಗಳನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಾರೆ. ರಕ್ತ, ಥೈರಾಯ್ಡ್, ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್, ಆಮೇಲೆ ಗರ್ಭನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇ. ಅದು ನೋವಿನ ಪರೀಕ್ಷೆ, ದುಡ್ಡೂ ಜಾಸ್ತಿ. ಇಷ್ಟೆಲ್ಲ ಮುಗಿದ ಮೇಲೆ ಡಾಕ್ಟರು "ನಿಮ್ಮ ಯಜಮಾನರದ್ದೂ ಒಂದು ಟೆಸ್ಟ್ ಮಾಡಿಸಿ" ಅಂದರೆ ಯಜಮಾನರಿಗೆ ಸಿಟ್ಟು. "ನಮ್ಮ ಹುಡುಗನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನಲ್ಲ" ಅಂತ ಅತ್ತೆ.

ಗಟ್ಟಿಮುಟ್ಟಾಗಿರುವುದಕ್ಕೂ ವೀರ್ಯಾಣುಗಳಿಗೂ ಸಂಬಂಧ ಕಡಿಮೆ. ಸಂಸಾರದಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿಗೆ ಕೌಂಟ್, ಅಂದರೆ ವೀರ್ಯಾಣುಗಳ ಎಣಿಕೆ, ಸೊನ್ನೆ ಇರಬಹುದು, ಹೊರಗಿನಿಂದ ಯಾವ ಗುರುತೂ ಕಾಣಿಸುವುದಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಕೆಲವರಲ್ಲಿ ಅದೊಂದೇ ಕಾರಣ, ಇನ್ನು ಕೆಲವರಲ್ಲಿ ಇಬ್ಬರದ್ದೂ ಸೇರಿ. ಈ ಪರೀಕ್ಷೆಯಲ್ಲಿ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಹಾಗಾಗಿ ಹೆಂಡತಿಯ ಪರೀಕ್ಷೆಗಳು ಶುರುವಾಗುವ ವಾರದಲ್ಲೇ ಗಂಡನದ್ದೂ ಆಗಬೇಕು.

ಸರಿ, ಒಪ್ಪಿದೆವು ಅಂತಿಟ್ಟುಕೊಳ್ಳಿ. ಎಲ್ಲಿ ಮಾಡಿಸೋದು? ನಾನು ತುಮಕೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವನು. ಈ ಪ್ರಶ್ನೆಯನ್ನು ಕೌಂಟರಿನಲ್ಲೇ ಎಷ್ಟೋ ಜನ ಕೇಳಿದ್ದಾರೆ, ಮೆಲ್ಲಗೆ, ಆಚೀಚೆ ನೋಡಿಕೊಂಡು. ಈಗ ಫೋನಿನಲ್ಲಿ ಕೇಳುತ್ತಾರೆ. ಬೀದಿ ತುದಿಯ ಲ್ಯಾಬಾ, ಜಿಲ್ಲಾಸ್ಪತ್ರೆಯಾ, ಫರ್ಟಿಲಿಟಿ ಸೆಂಟರಾ, ಇಲ್ಲ ಆನ್‌ಲೈನಿನಲ್ಲಿ ಸಿಗುವ ಕಿಟ್ಟಾ?

ಜಾಗ ಆರಿಸುವ ಮೊದಲು

ಮೊದಲು ನೋಡಬೇಕಾದದ್ದು ಸಮಯ. ರಕ್ತದ ಸ್ಯಾಂಪಲನ್ನು ಬೆಳಿಗ್ಗೆ ತೆಗೆದು ಸಂಜೆ ಬೆಂಗಳೂರಿಗೆ ಕಳಿಸಿದರೂ ಎಷ್ಟೋ ಟೆಸ್ಟ್‌ಗಳಿಗೆ ನಡೆಯುತ್ತದೆ. ವೀರ್ಯಕ್ಕೆ ನಡೆಯುವುದಿಲ್ಲ. ಹೊರಬಂದ ತಕ್ಷಣ ಅದು ಗಟ್ಟಿಯಾಗಿರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ನೀರಾಗುತ್ತದೆ. ಆಗಲೇ ಮೈಕ್ರೋಸ್ಕೋಪಿನ ಕೆಳಗೆ ನೋಡಬೇಕು. ತಡ ಮಾಡಿದಷ್ಟೂ ಓಡಾಡುವ ವೀರ್ಯಾಣುಗಳು ನಿಲ್ಲುತ್ತಾ ಹೋಗುತ್ತವೆ. ಆಮೇಲೆ ರಿಪೋರ್ಟಿನಲ್ಲಿ "ಚಲನೆ ಕಡಿಮೆ" ಅಂತ ಬಂದರೆ ಅದು ನಿಮ್ಮ ತೊಂದರೆಯೋ ಲ್ಯಾಬಿನ ತಡವೋ ಅಂತ ಯಾರೂ ಹೇಳಲಾರರು.

ಎರಡನೆಯದು, ನೋಡುವವರು ಯಾರು ಅನ್ನೋದು. ಶುಗರ್ ಟೆಸ್ಟನ್ನು ಮಷೀನು ಮಾಡುತ್ತದೆ. ಇದನ್ನು ಬಹುತೇಕ ಕಡೆ ಕಣ್ಣಲ್ಲೇ ಎಣಿಸುತ್ತಾರೆ, ಚೌಕ ಗೆರೆಗಳಿರುವ ಗಾಜಿನ ಚೇಂಬರಿನಲ್ಲಿ. ದಿನಕ್ಕೆ ಹತ್ತಾರು ಸ್ಯಾಂಪಲ್ ನೋಡುವವರಿಗೂ ತಿಂಗಳಿಗೊಂದೆರಡು ನೋಡುವವರಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಆಕಾರ ನೋಡುವಾಗಂತೂ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಮೂರನೆಯದು ಕೋಣೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಲಕ ಸರಿಯಿಲ್ಲದ ಟಾಯ್ಲೆಟ್ಟಿನಲ್ಲಿ, ಹೊರಗೆ ಯಾರೋ ಬಾಗಿಲು ತಟ್ಟುತ್ತಿರುವಾಗ, ಹಸ್ತಮೈಥುನ ಮಾಡಿಕೊಂಡು ಸ್ಯಾಂಪಲ್ ಕೊಡು ಅಂದರೆ ಯಾರಿಗೆ ತಾನೇ ಆಗುತ್ತದೆ? ಅವಸರದಲ್ಲಿ ಮೊದಲ ಹನಿಗಳು ಆಚೆ ಬಿದ್ದು ಹೋದರೆ ಲೆಕ್ಕವೇ ಕೆಡುತ್ತದೆ, ಯಾಕೆಂದರೆ ವೀರ್ಯಾಣುಗಳು ಜಾಸ್ತಿ ಇರೋದು ಮೊದಲ ಭಾಗದಲ್ಲೇ.

ದುಡ್ಡು ಮತ್ತು ರಜೆ ನಾಲ್ಕನೆಯದು. ರಿಪೋರ್ಟ್ ಬಂದ ಮೇಲೆ ಅದನ್ನು ಓದಿ ಹೇಳುವವರು ಯಾರಿದ್ದಾರೆ ಅನ್ನೋದು ಐದನೆಯದು. ಜನ ದುಡ್ಡಿನಿಂದ ಶುರುಮಾಡಿ ಮೇಲಕ್ಕೆ ಬರುತ್ತಾರೆ, ನಾನು ಹೇಳೋದು ಸಮಯದಿಂದ ಶುರುಮಾಡಿ ಅಂತ.

ಊರಿನ ಲ್ಯಾಬ್

ಹತ್ತಿರ, ಅಗ್ಗ, ಅದೇ ದಿನ ರಿಪೋರ್ಟ್. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. "ಎಲ್ಲಾ ಸರಿಯಾಗಿದೆಯಾ ಅಂತ ಒಂದು ಸಲ ನೋಡೋಣ" ಅನ್ನುವವರಿಗೆ ಇದು ಕೆಟ್ಟ ಆಯ್ಕೆ ಅಲ್ಲ. ಆದರೆ ಹೋಗುವ ಮೊದಲು ಒಂದು ಫೋನ್ ಮಾಡಿ ಕೇಳಿ: "ಸೆಮೆನ್ ಟೆಸ್ಟ್ ನಿಮ್ಮಲ್ಲೇ ಮಾಡುತ್ತೀರಾ, ಬೇರೆ ಕಡೆ ಕಳಿಸುತ್ತೀರಾ? ಸ್ಯಾಂಪಲ್ ಕೊಟ್ಟು ಎಷ್ಟು ಹೊತ್ತಿಗೆ ನೋಡುತ್ತೀರಾ?" ಬೋರ್ಡು ದೊಡ್ಡದಿದ್ದರೂ ಕೆಲವು ಕಡೆ ಬರೀ ಕಲೆಕ್ಷನ್ ಸೆಂಟರ್ ಇರುತ್ತದೆ. ಸಂಜೆ ಹುಡುಗ ಬಂದು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಾನೆ. ಅಂಥ ಕಡೆ ಈ ಟೆಸ್ಟ್‌ಗೆ ಬಿಡಿಗಾಸೂ ಕೊಡಬೇಡಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ: ಮಾಡುವವರು ಆ ದಿನ ಇರುತ್ತಾರಾ? ಬೆಳಿಗ್ಗೆ ಹೊತ್ತು ರಕ್ತ ತೆಗೆಸಿಕೊಳ್ಳುವವರ ಸಾಲು ಇರುತ್ತದೆ, ನಿಮ್ಮ ಡಬ್ಬಿ ಒಂದು ಮೂಲೆಯಲ್ಲಿ ಕೂತಿರುತ್ತದೆ. ಹನ್ನೊಂದರ ಮೇಲೆ ಹೋಗೋದು ವಾಸಿ.

ಊರಿನ ಲ್ಯಾಬಿನ ಇನ್ನೊಂದು ತಾಪತ್ರಯ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿ ಕೂತವನು ನಿಮ್ಮ ಚಿಕ್ಕಪ್ಪನ ಮಗನ ಕ್ಲಾಸ್‌ಮೇಟ್ ಆಗಿರುತ್ತಾನೆ. ಕೊರಟಗೆರೆಯವರು ತುಮಕೂರಿಗೆ ಬರೋದು, ತುಮಕೂರಿನವರು ಬೆಂಗಳೂರಿಗೆ ಹೋಗೋದು ಅರ್ಧ ಇದೇ ಕಾರಣಕ್ಕೆ. ನಾಚಿಕೆಯನ್ನು ತಪ್ಪು ಅನ್ನಲಾರೆ. ನಾಚಿಕೆ ಇಲ್ಲದ ಕಡೆ ಹೋಗಿಯಾದರೂ ಮಾಡಿಸಿದರೆ ಸರಿ.

ಈ ಲ್ಯಾಬಿನ ಗುಣಮಟ್ಟ ಅಳೆಯೋದಕ್ಕೆ ನನ್ನದೊಂದು ಸುಲಭದ ದಾರಿ ಇದೆ. ರಿಪೋರ್ಟಿನಲ್ಲಿ ಆಕಾರದ ಸಾಲು ನೋಡಿ. "ಸರಿಯಾದ ಆಕಾರದವು 70 ಶೇಕಡ, 80 ಶೇಕಡ" ಅಂತ ಇದ್ದರೆ ಖುಷಿಪಡಬೇಡಿ. ಈಗ ಎಲ್ಲೆಡೆ ಬಳಸುವ ಕಟ್ಟುನಿಟ್ಟಿನ ಅಳತೆಯಲ್ಲಿ 4 ಶೇಕಡ ಇದ್ದರೇ ಸಾಕು, ಮಕ್ಕಳಾಗಿರುವ ಗಂಡಸರಲ್ಲೂ ಅದು ಅಷ್ಟೊಂದು ಮೇಲೆ ಹೋಗುವುದಿಲ್ಲ. 70 ಅಂತ ಬರೆದಿದ್ದಾರೆ ಅಂದರೆ ಹಳೇ ಪದ್ಧತಿ, ಇಲ್ಲ ಸುಮ್ನೆ ಒಂದು ಅಂದಾಜು. ಹಾಗೇ "ಸಾಮಾನ್ಯ ಮಟ್ಟ: 20 ಮಿಲಿಯನ್‌ಗಿಂತ ಹೆಚ್ಚು" ಅಂತ ಕೌಂಟಿನ ಮುಂದೆ ಅಚ್ಚಾಗಿದ್ದರೆ ಆ ಫಾರಂ 2010ಕ್ಕಿಂತ ಹಿಂದಿನದು, ಆಮೇಲೆ ಆ ಗೆರೆ ಇಳಿದಿದೆ.

ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆ

ಖರ್ಚು ಎಲ್ಲಕ್ಕಿಂತ ಕಡಿಮೆ. ಬದಲಿಗೆ ಸಮಯ ಕೊಡಬೇಕು. ಒಂದು ದಿನ ಚೀಟಿ ಮಾಡಿಸಿ ಡಾಕ್ಟರಿಗೆ ತೋರಿಸಿದರೆ ಇನ್ನೊಂದು ದಿನ ಟೆಸ್ಟ್, ಮತ್ತೊಂದು ದಿನ ರಿಪೋರ್ಟ್. ದಿನಗೂಲಿಯವರಿಗೆ ಮೂರು ದಿನದ ಕೂಲಿ ಹೋದರೆ ಅಗ್ಗ ಅನ್ನೋ ಮಾತೇ ಉಳಿಯಲ್ಲ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವವರಾದರೆ ರಾತ್ರಿ ಪಾಳಿಯ ವಾರದಲ್ಲಿ ಇಟ್ಟುಕೊಂಡರೆ ರಜೆ ಉಳಿಯುತ್ತದೆ, ಆದರೆ ನಿದ್ದೆಗೆಟ್ಟು ಸ್ಯಾಂಪಲ್ ಕೊಡೋದು ಕಷ್ಟ. ಪ್ರತ್ಯೇಕ ಕೋಣೆ ಇದೆಯಾ ಅಂತ ಮೊದಲೇ ವಿಚಾರಿಸಿ. ಇಲ್ಲದಿದ್ದರೆ, ಮನೆ ಹತ್ತಿರ ಇದ್ದರೆ, ಮನೆಯಿಂದ ತರಬಹುದಾ ಅಂತ ಕೇಳಿ.

ದೊಡ್ಡ ಆಸ್ಪತ್ರೆಯ ನಿಜವಾದ ಲಾಭ ಟೆಸ್ಟಿನಲ್ಲಿಲ್ಲ, ಟೆಸ್ಟ್ ಆದಮೇಲೆ ಇದೆ. ಯುರಾಲಜಿ (ಮೂತ್ರ, ಗಂಡಸರ ಜನನಾಂಗದ ವಿಭಾಗ) ಅಥವಾ ಸರ್ಜರಿ ಡಾಕ್ಟರು ಅಲ್ಲೇ ಸಿಗುತ್ತಾರೆ, ಮೈಮುಟ್ಟಿ ಪರೀಕ್ಷೆ ಮಾಡುತ್ತಾರೆ. ಮಕ್ಕಳಾಗದೆ ಬರುವ ಗಂಡಸರಲ್ಲಿ ಸುಮಾರು 35ರಿಂದ 40 ಶೇಕಡ ಜನರಿಗೆ ಬೀಜದ ಚೀಲದ ಮೇಲಿನ ರಕ್ತನಾಳ ಊದಿಕೊಂಡಿರುತ್ತದೆ, ಜಾಸ್ತಿ ಎಡಗಡೆ. ಅದಕ್ಕೆ ವೆರಿಕೋಸೀಲ್ ಅನ್ನುತ್ತಾರೆ. ನಿಲ್ಲಿಸಿ, ಕೈಯಲ್ಲಿ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಕೈಗೆ ಸಿಗುವಂತಿದ್ದು, ರಿಪೋರ್ಟೂ ಕೆಟ್ಟಿದ್ದರೆ ಆಪರೇಷನ್ ಬಗ್ಗೆ ಯೋಚಿಸಬಹುದು. ಕೈಗೆ ಸಿಗದೆ ಬರೀ ಡಾಪ್ಲರ್ ಸ್ಕ್ಯಾನಿನಲ್ಲಿ (ರಕ್ತ ಹರಿಯೋದನ್ನು ತೋರಿಸುವ ಸ್ಕ್ಯಾನ್) ಕಂಡದ್ದಕ್ಕೆ ಆಪರೇಷನ್ ಬೇಡ. ಹಾಗೆ ಮಾಡಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಫರ್ಟಿಲಿಟಿ ಸೆಂಟರ್

ಇಲ್ಲಿ ಆಂಡ್ರಾಲಜಿ ಲ್ಯಾಬ್, ಅಂದರೆ ವೀರ್ಯ ಪರೀಕ್ಷೆಗೆ ಅಂತಲೇ ಇರುವ ಲ್ಯಾಬ್, ಬೇರೆಯೇ ಇರುತ್ತದೆ. ದಿನವೂ ಇದನ್ನೇ ನೋಡುವವರು, ಚಿಲಕ ಇರುವ ಕೋಣೆ, ಕೋಣೆಯ ಪಕ್ಕದಲ್ಲೇ ಲ್ಯಾಬ್. ಸಮಯ, ಕಣ್ಣು, ಕೋಣೆ, ಮೂರರಲ್ಲೂ ಇದೇ ಮೇಲು. ದರ ಸಾವಿರ ದಾಟಬಹುದು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ಯಶವಂತಪುರಕ್ಕೆ ರೈಲು ಇದೆ, ಬಸ್ಸಿನಲ್ಲಿ ಹೋಗಿ ಮಾದಾವರದಲ್ಲಿ ಇಳಿದರೆ ಮೆಟ್ರೋ ಸಿಗುತ್ತದೆ. ಒಂದು ದಿನದ ಕೆಲಸ. ಆದರೆ ಸ್ಯಾಂಪಲ್ ಅಲ್ಲೇ ಹೋಗಿ ಕೊಡಬೇಕು. ತುಮಕೂರಿನಲ್ಲಿ ಡಬ್ಬಿಗೆ ಹಿಡಿದುಕೊಂಡು ರೈಲು ಹತ್ತುತ್ತೇನೆ ಅಂದರೆ ಆಗಲ್ಲ.

ಕುಣಿಗಲ್‌ನವರಿಗೆ ಬೆಂಗಳೂರಿನ ದಾರಿ ನೇರ ಇದೆ, ಅವರು ಒಂದೇ ಸಲಕ್ಕೆ ಅಲ್ಲಿಗೆ ಹೋಗಿಬಿಡೋದು ಒಳ್ಳೆಯದು. ಪಾವಗಡದವರ ಕಥೆ ಬೇರೆ. ಅವರಿಗೆ ತುಮಕೂರೇ ನೂರು ಕಿಲೋಮೀಟರ್. ಅವರು ಮೊದಲ ಟೆಸ್ಟನ್ನು ಹತ್ತಿರದಲ್ಲಿ ಮಾಡಿಸಿ, ರಿಪೋರ್ಟ್ ಕೆಟ್ಟು ಬಂದರೆ ಮಾತ್ರ ದೂರ ಹೋಗಲಿ.

ಇಲ್ಲಿನ ತೊಂದರೆ ಏನೆಂದರೆ, ಟೆಸ್ಟ್ ಮಾಡುವವರೂ ಚಿಕಿತ್ಸೆ ಮಾರುವವರೂ ಒಬ್ಬರೇ. ರಿಪೋರ್ಟ್ ಸ್ವಲ್ಪ ಕಡಿಮೆ ಬಂದರೆ ಅದೇ ದಿನ ಕೌನ್ಸೆಲರ್ ಒಬ್ಬರು ಪ್ಯಾಕೇಜಿನ ಕಾಗದ ಮುಂದಿಡಬಹುದು. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ನಾನು ಹೇಳಲ್ಲ. ಆದರೆ ಟೆಸ್ಟ್‌ಗೆ ಅಂತ ಹೋದ ದಿನ ಅಡ್ವಾನ್ಸ್ ಕಟ್ಟಬೇಡಿ. ರಿಪೋರ್ಟ್ ತೆಗೆದುಕೊಂಡು ಮನೆಗೆ ಬನ್ನಿ, ಇಬ್ಬರೂ ಕೂತು ಮಾತಾಡಿ. ಮುಂದೆ ಐಯುಐ (ವೀರ್ಯಾಣುಗಳನ್ನು ನೇರ ಗರ್ಭಕೋಶಕ್ಕೆ ಬಿಡೋದು) ಅಥವಾ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಬಿಡೋದು) ಮಾಡಿಸೋದೇ ಆದರೆ ಆ ಸೆಂಟರ್ 2021ರ ಸಂತಾನೋತ್ಪತ್ತಿ ನೆರವಿನ ಕಾಯ್ದೆಯ ಕೆಳಗೆ ನೋಂದಣಿ ಆಗಿದೆಯಾ ಅಂತ ಕೇಳಿ. ಆ ಕೆಲಸ ಮಾಡುವ ಕ್ಲಿನಿಕ್‌ಗಳಿಗೆ ನೋಂದಣಿ ಕಡ್ಡಾಯ.

ಇನ್ನೊಂದು ವಿಷಯ. ಅಲ್ಲಿ ಮೊದಲ ದಿನವೇ "ಡಿಎನ್‌ಎ ಫ್ರಾಗ್ಮೆಂಟೇಶನ್" ಟೆಸ್ಟನ್ನೂ, ಅಂದರೆ ವೀರ್ಯಾಣುವಿನೊಳಗಿನ ಡಿಎನ್‌ಎ ತುಂಡಾಗಿದೆಯಾ ಅಂತ ನೋಡೋದನ್ನೂ, ಸೇರಿಸೋಣ ಅಂತ ಹೇಳಬಹುದು. ಅದಕ್ಕೆ ಹಲವು ಸಾವಿರ ಆಗುತ್ತದೆ. ಮೊದಲ ಸುತ್ತಿನಲ್ಲಿ ಅದು ಬೇಕಿಲ್ಲ. ಮೇಲಿಂದ ಮೇಲೆ ಗರ್ಭ ಇಳಿಯುತ್ತಿದ್ದರೆ ಆಗ ಅದಕ್ಕೆ ಅರ್ಥ ಇದೆ.

ಮನೆ ಕಿಟ್

"ಗಂಡ ಲ್ಯಾಬಿಗೆ ಬರೋದಕ್ಕೆ ಸುತರಾಂ ಒಪ್ಪುತ್ತಿಲ್ಲ, ಕಿಟ್ ತರಿಸಲಾ?" ಈ ಪ್ರಶ್ನೆ ಕೇಳೋದು ಹೆಚ್ಚಾಗಿ ಹೆಂಗಸರು. ಇಂಥ ಕಿಟ್‌ಗಳಲ್ಲಿ ಬಹಳಷ್ಟು ಒಂದೇ ವಿಷಯ ಹೇಳುತ್ತವೆ: ಒಂದು ಮಟ್ಟಕ್ಕಿಂತ ಕೌಂಟ್ ಮೇಲಿದೆಯಾ, ಕೆಳಗಿದೆಯಾ. ಆಕಾರ ಹೇಳಲ್ಲ, ಸೋಂಕು ಹೇಳಲ್ಲ, ಎಷ್ಟು ಮಿಲಿಲೀಟರ್ ಬಂತು ಅಂತ ಹೇಳಲ್ಲ. ಚಲನೆ ತೋರಿಸುವವು ಕೆಲವು ಇವೆ, ದರವೂ ಹೆಚ್ಚು. ಕೌಂಟ್ ಮೇಲಿದೆ ಅಂತ ಎರಡು ಗೆರೆ ಬಂದ ತಕ್ಷಣ "ನೋಡು, ನನ್ನದೇನೂ ಇಲ್ಲ" ಅಂತ ಕಿಟ್ಟನ್ನು ಟೇಬಲ್ ಮೇಲಿಟ್ಟು ಹೋದರೆ ಮುಂದಿನ ಒಂದು ವರ್ಷ ಆ ಹೆಣ್ಣುಮಗಳು ಒಬ್ಬಳೇ ಆಸ್ಪತ್ರೆ ಅಲೆಯಬೇಕಾಗುತ್ತದೆ. ಅದಕ್ಕೇ ನನಗೆ ಕಿಟ್ ಅಂದರೆ ಭಯ. ಕೆಟ್ಟ ರಿಸಲ್ಟ್ ಬಂದರೆ ಲ್ಯಾಬಿಗೆ ಬರುತ್ತಾರೆ, ಒಳ್ಳೆಯದು ಬಂದರೆ ಅಲ್ಲಿಗೇ ನಿಲ್ಲುತ್ತಾರೆ. ಆದರೂ ಏನೂ ಮಾಡದೆ ಕೂರುವ ಗಂಡಸನ್ನು ಒಂದು ಹೆಜ್ಜೆ ಮುಂದೆ ತಳ್ಳೋದಕ್ಕೆ ಅದು ಉಪಯೋಗಕ್ಕೆ ಬರುತ್ತದೆ ಅನ್ನಿಸಿದರೆ ತರಿಸಿ. ಗೆರೆ ಏನೇ ಬಂದರೂ ಲ್ಯಾಬಿಗೆ ಹೋಗೋದು ಅಂತ ತರಿಸುವ ಮೊದಲೇ ಮಾತಾಡಿಕೊಳ್ಳಿ.

ನಡುವಿನ ದಾರಿ: ಮನೆಯಲ್ಲಿ ಹಿಡಿದು ಲ್ಯಾಬಿಗೆ ಕೊಡೋದು

ನಾಚಿಕೆಯವರಿಗೆ ಕಿಟ್‌ಗಿಂತ ಇದು ಎಷ್ಟೋ ವಾಸಿ. ಲ್ಯಾಬಿನವರ ಹತ್ತಿರ ಮೊದಲೇ ಡಬ್ಬಿ ಈಸಿಕೊಂಡು ಬನ್ನಿ, ಅಗಲ ಬಾಯಿಯದು. ಮನೆಯ ಹಾರ್ಲಿಕ್ಸ್ ಬಾಟಲಿ, ಔಷಧಿ ಶೀಶೆ ಬೇಡ. ಕಾಂಡೋಮಿನಲ್ಲಿ ಹಿಡಿಯಲೇಬೇಡಿ, ಅಂಗಡಿಯ ಸಾಮಾನ್ಯ ಕಾಂಡೋಮಿನ ರಬ್ಬರು, ಅದಕ್ಕೆ ಹಚ್ಚಿರುವ ಜಾರುವ ದ್ರವ ಎರಡೂ ವೀರ್ಯಾಣುಗಳಿಗೆ ಆಗುವುದಿಲ್ಲ. ಎಣ್ಣೆ, ಸೋಪು, ಎಂಜಲು ಯಾವುದೂ ಬೇಡ. ಎಲ್ಲವೂ ಡಬ್ಬಿಗೇ ಬೀಳಬೇಕು. ಒಂದಿಷ್ಟು ಆಚೆ ಬಿದ್ದರೆ ಮುಚ್ಚಿಡದೆ ಹೇಳಿ, ಅದನ್ನು ಅವರು ಬರೆದುಕೊಳ್ಳುತ್ತಾರೆ. ಮುಗಿದ ಗಳಿಗೆಯ ಟೈಮ್ ಡಬ್ಬಿಯ ಮೇಲೆ ಬರೆಯಿರಿ. ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೊರಡಿ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ, ಐಸ್ ಹಾಕಬೇಡಿ, ಫ್ರಿಜ್ಜೂ ಬೇಡ.

ಅರ್ಧ ಗಂಟೆಯಲ್ಲಿ ತಲುಪಿದರೆ ಒಳ್ಳೆಯದು, ಒಂದು ಗಂಟೆ ಮೀರಬಾರದು. ಕ್ಯಾತ್ಸಂದ್ರದವರು ಪೇಟೆಗೆ ತರಬಹುದು. ಮಧುಗಿರಿಯಿಂದ ತುಮಕೂರಿಗೆ ಬಸ್ಸಿನಲ್ಲಿ ತರುತ್ತೇನೆ ಅಂದರೆ ಸಮಯ ಮೀರುತ್ತದೆ. ತಿಪಟೂರಿನಿಂದ ಅಂತೂ ಆಗದ ಮಾತು.

ಎಲ್ಲಿ ಮಾಡಿಸಿದರೂ ಇವು ಬೇಕೇ ಬೇಕು

ಟೆಸ್ಟಿನ ಹಿಂದೆ ಎರಡು ದಿನಕ್ಕಿಂತ ಕಡಿಮೆಯಿಲ್ಲದೆ, ಏಳು ದಿನಕ್ಕಿಂತ ಹೆಚ್ಚಿಲ್ಲದೆ, ವೀರ್ಯ ಹೊರಹೋಗದಂತೆ ಬಿಡುವು ಇರಬೇಕು. "ಹದಿನೈದು ದಿನ ತಡೆದುಕೊಂಡು ಬಂದಿದ್ದೀನಿ ಸಾರ್, ಚೆನ್ನಾಗಿ ಬರಲಿ ಅಂತ" ಅನ್ನುವವರು ಇರುತ್ತಾರೆ. ಅಷ್ಟು ದಿನ ತಡೆದರೆ ಲೆಕ್ಕಕ್ಕೆ ಜಾಸ್ತಿ ಸಿಗಬಹುದು, ಆದರೆ ಹಳೆಯವು ಸತ್ತಿರುತ್ತವೆ, ಚಲನೆ ಕಡಿಮೆ ಬರುತ್ತದೆ.

ಒಂದು ವೀರ್ಯಾಣು ತಯಾರಾಗೋದಕ್ಕೆ ಎಪ್ಪತ್ತು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕು, ಹೊರಗೆ ಬರೋ ಹೊತ್ತಿಗೆ ಮೂರು ತಿಂಗಳು ಹತ್ತಿರ. ಅಂದರೆ ಇವತ್ತಿನ ರಿಪೋರ್ಟು ಹೇಳೋದು ಮೂರು ತಿಂಗಳ ಹಿಂದಿನ ಕಥೆ. ನಡುವೆ ಡೆಂಗಿ, ಟೈಫಾಯ್ಡ್, ಜೋರು ಜ್ವರ ಬಂದಿದ್ದರೆ ಕೌಂಟ್ ಬಿದ್ದಿರುತ್ತದೆ, ಆಮೇಲೆ ತಾನಾಗಿಯೇ ಮೇಲೇಳುತ್ತದೆ. ಡಾಕ್ಟರಿಗೆ ಇದನ್ನು ಹೇಳಿ. ಜಿಮ್ಮಿನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನಂತೂ ಮುಚ್ಚಿಡಬೇಡಿ, ಮೈಕಟ್ಟು ಬೆಳೆಯುತ್ತದೆ, ವೀರ್ಯಾಣು ತಯಾರಿ ನಿಲ್ಲುತ್ತದೆ, ಕೆಲವರಲ್ಲಿ ಪೂರ್ತಿ ಸೊನ್ನೆ. ಚಿಕ್ಕವರಿದ್ದಾಗ ಬೀಜ ಇಳಿಯದೆ ಆಪರೇಷನ್ ಆಗಿತ್ತಾ, ದೊಡ್ಡವರಾದ ಮೇಲೆ ಮಂಗನಬಾವು ಬಂದು ಬೀಜ ಊದಿತ್ತಾ, ಕುಲುಮೆ ಮುಂದೆ ಕೆಲಸವಾ, ಹೊಲದಲ್ಲಿ ಔಷಧಿ ಹೊಡೆಯುತ್ತೀರಾ, ಗುಟ್ಕಾ, ಸಿಗರೇಟು ಎಲ್ಲವನ್ನೂ ಹೇಳಿ.

ರಿಪೋರ್ಟ್ ಓದೋದು

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವೀರ್ಯ ಪರೀಕ್ಷೆಯ ತನ್ನ ಕೈಪಿಡಿಯ 6ನೇ ಆವೃತ್ತಿ ತಂದಿತು. ಅದರ ಪ್ರಕಾರ ಕೆಳಗಿನ ಗೆರೆ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 16 ಮಿಲಿಯನ್ ಅಂದರೆ 1 ಕೋಟಿ 60 ಲಕ್ಷ ವೀರ್ಯಾಣು, ಒಟ್ಟು 39 ಮಿಲಿಯನ್, ಅಲುಗಾಡುವವು 42 ಶೇಕಡ, ಮುಂದಕ್ಕೆ ಓಡುವವು 30 ಶೇಕಡ, ಸರಿಯಾದ ಆಕಾರ 4 ಶೇಕಡ. ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರನ್ನು ಪರೀಕ್ಷಿಸಿ ಹಾಕಿದ ಗೆರೆ ಇದು. ಆ ಅಪ್ಪಂದಿರಲ್ಲೇ 5 ಶೇಕಡ ಜನ ಈ ಗೆರೆಯ ಕೆಳಗಿದ್ದರು. ಹಾಗಾಗಿ 14 ಮಿಲಿಯನ್ ಬಂತು ಅಂತ ಎದೆ ಒಡೆದುಕೊಳ್ಳಬೇಕಿಲ್ಲ, 40 ಬಂತು ಅಂತ ಎಲ್ಲಾ ಸರಿ ಅಂತಲೂ ಇಲ್ಲ. ಒಬ್ಬನೇ ಗಂಡಸಿಗೆ ಈ ತಿಂಗಳು 12, ಮುಂದಿನ ಸಲ 30 ಬರೋದು ಮಾಮೂಲು. ಕೆಟ್ಟು ಬಂದರೆ ಇನ್ನೊಂದು ಸಲ ಮಾಡಿಸಲೇಬೇಕು, ಎರಡನೆಯದು ಆಂಡ್ರಾಲಜಿ ಲ್ಯಾಬಿನಲ್ಲೇ ಆಗಲಿ ಅನ್ನೋದು ನನ್ನ ಮಾತು. ಮೊದಲ ರಿಪೋರ್ಟ್ ಚೆನ್ನಾಗಿದ್ದು, ಲ್ಯಾಬೂ ಸರಿಯಾಗಿದ್ದರೆ ಗಂಡನ ಟೆಸ್ಟ್ ಅಲ್ಲಿಗೆ ನಿಲ್ಲಿಸಿ.

"ಪಸ್ ಸೆಲ್ಸ್" ಅಂತ ನೋಡಿ ಭಯಪಟ್ಟು ಆ್ಯಂಟಿಬಯೋಟಿಕ್ ನುಂಗುವವರು ಬಹಳ. ವೀರ್ಯದಲ್ಲಿ ಕಾಣುವ ದುಂಡನೆಯ ಜೀವಕೋಶಗಳೆಲ್ಲ ಕೀವಲ್ಲ, ಬಲಿಯದ ವೀರ್ಯಾಣುಗಳೂ ಹಾಗೇ ಕಾಣುತ್ತವೆ. ಬಣ್ಣ ಹಾಕಿ ನೋಡಿದರೆ ಮಾತ್ರ ಗೊತ್ತಾಗೋದು.

ಸೊನ್ನೆ ಅಂತ ಬಂದರೆ ಮೊದಲು ಕೇಳಬೇಕಾದದ್ದು: ಸ್ಯಾಂಪಲನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ನೋಡಿದಿರಾ? ಆಮೇಲೆ ಎರಡನೇ ಟೆಸ್ಟ್. ಅದೂ ಸೊನ್ನೆ ಆದರೆ ಸೀದಾ ಯುರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಹತ್ತಿರ. ತಯಾರಾಗುತ್ತಿದ್ದು ದಾರಿ ಕಟ್ಟಿರುವುದು ಒಂದು ಬಗೆ, ತಯಾರಿಯೇ ಕಡಿಮೆ ಇರುವುದು ಇನ್ನೊಂದು ಬಗೆ. ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನುಗಳ ರಕ್ತಪರೀಕ್ಷೆ, ಬೀಜದ ಗಾತ್ರ, ವೀರ್ಯದ ಪ್ರಮಾಣ, ಅದರಲ್ಲಿ ಫ್ರಕ್ಟೋಸ್ ಅನ್ನೋ ಸಕ್ಕರೆ ಅಂಶ ಇದೆಯಾ ಇಲ್ಲವಾ, ಇವನ್ನೆಲ್ಲ ನೋಡಿ ಬೇರೆ ಮಾಡುತ್ತಾರೆ. ದಾರಿ ಕಟ್ಟಿದ್ದರೆ ಬೀಜದಿಂದಲೋ ಅದರ ಪಕ್ಕದ ನಾಳದಿಂದಲೋ ಸೂಜಿಯಲ್ಲಿ ವೀರ್ಯಾಣು ತೆಗೆದು ಇಕ್ಸಿ, ಅಂದರೆ ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚಿ ಸೇರಿಸೋದು, ಮಾಡಬಹುದು, ಎರಡನೇ ಬಗೆಯಲ್ಲೂ ಕೆಲವರಿಗೆ ಸಿಗುತ್ತದೆ. ಕೌಂಟ್ 5 ಮಿಲಿಯನ್‌ಗಿಂತ ಕೆಳಗಿದ್ದರೆ ಡಾಕ್ಟರು ವಂಶವಾಹಿ ಪರೀಕ್ಷೆಯನ್ನೂ ಕೇಳಬಹುದು, ಅದು ಸುಮ್ನೆ ಖರ್ಚು ಅಲ್ಲ.

ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ "ಧಾತು ದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ" ಅಂತ ಬರೆದಿರುತ್ತಾರಲ್ಲ, ಅದನ್ನು ನಾನು ಆಯ್ಕೆಗಳ ಸಾಲಿಗೇ ಸೇರಿಸಿಲ್ಲ. ಟೆಸ್ಟ್ ಇಲ್ಲದೆ ಔಷಧಿ ಕೊಡುವವರ ಹತ್ತಿರ ಹೋಲಿಸೋದಕ್ಕೆ ಏನೂ ಇಲ್ಲ. ಕೌಂಟ್ ಹೆಚ್ಚಿಸುತ್ತದೆ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳಿಂದಲೂ ಮಗು ಆಗುವುದು ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ತಿಂಗಳಿಗೆ ಸಾವಿರಗಟ್ಟಲೆ ಅದಕ್ಕೆ ಹಾಕುವ ಬದಲು ಆ ದುಡ್ಡಲ್ಲಿ ಎರಡನೇ ಟೆಸ್ಟ್ ಮಾಡಿಸಿ.

ಹಾಗಾದರೆ ಯಾರಿಗೆ ಯಾವುದು? ಮದುವೆಯಾಗಿ ಒಂದು ವರ್ಷವಾಗಿದೆ, ಹೆಂಡತಿಗೆ 35 ಆಗಿಲ್ಲ, ಕೈಯಲ್ಲಿ ದುಡ್ಡು ಕಡಿಮೆ ಅಂದರೆ ಊರಿನಲ್ಲೇ, ಬೇರೆ ಕಡೆ ಕಳಿಸದೆ ತಾವೇ ಟೆಸ್ಟ್ ಮಾಡುವ ಲ್ಯಾಬ್ ಹುಡುಕಿ. ರಜೆ ಸಿಗುತ್ತದೆ, ದುಡ್ಡು ತೀರಾ ಕಷ್ಟ ಅನ್ನುವವರು ದೊಡ್ಡ ಆಸ್ಪತ್ರೆಗೆ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಟೆಸ್ಟ್ ಆಗಬೇಕು, ಆಗ ಊರಿನ ಲ್ಯಾಬು, ಆಮೇಲೆ ಬೆಂಗಳೂರು ಅಂತ ಎರಡು ಸುತ್ತು ಹಾಕುವಷ್ಟು ಸಮಯ ಇರಲ್ಲ, ನೇರ ಆಂಡ್ರಾಲಜಿ ಲ್ಯಾಬಿಗೆ ಹೋಗಿ. ಹಿಂದೆ ಬೀಜದ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ ಆದವರೂ ಅಷ್ಟೇ, ವರ್ಷ ಕಾಯಬೇಡಿ. ಲ್ಯಾಬಿನ ಹೆಸರು ಕೇಳಿದರೇ ಬೆವರುವವರು ಮನೆಯಲ್ಲಿ ಹಿಡಿದು ಕೊಡುವ ದಾರಿ ಹಿಡಿಯಿರಿ, ಡಬ್ಬಿ ತೆಗೆದುಕೊಂಡು ಹೋಗಿ ಕೊಡೋದನ್ನು ಹೆಂಡತಿಯೂ ಮಾಡಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಹೆಸರು ಮತ್ತು ಟೈಮ್ ಸರಿಯಾಗಿ ಬರೆದಿದ್ದರೆ ಆಯಿತು.